ಗಟ್ಟಿ ಜ್ಯೂಸಿನ ಅಕ್ಕ

ಅಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹದಿನೆಂಟು ವರ್ಷ ಬಿಡದೆ ಅನಾನಸ್ ಹೆಚ್ಚಿದ ಕೈ ಅದು. ಹಣ್ಣಿನ ರಸ ಚರ್ಮವನ್ನು ಸ್ವಲ್ಪ ಸ್ವಲ್ಪವೇ ತಿಂದುಹಾಕಿ, ಹತ್ತೂ ಬೆರಳುಗಳ ತುದಿ ಹುಣಸೆಬೀಜದ ಹಾಗೆ ನುಣ್ಣಗಾಗಿ ಹೊಳೆಯುತ್ತಿದ್ದವು. ಉಗುರಿನ ಬುಡದಲ್ಲಿ ಮಾತ್ರ ಕೂದಲೆಳೆಯಷ್ಟು ಸಣ್ಣ ಸೀಳುಗಳು, ಅವುಗಳಲ್ಲಿ ಎಷ್ಟು ತೊಳೆದರೂ ಹೋಗದ ಹಳದಿ.

ನಾನು ಆಕೆಯನ್ನು ಮೊದಲು ಕಂಡಿದ್ದು ಆ ಬೆರಳುಗಳ ಮೂಲಕವೇ. ರಿಪ್ಪನ್‌ಪೇಟೆಯಲ್ಲಿ ಒಂದು ಸಣ್ಣ ಲ್ಯಾಬಿನಲ್ಲಿ ನನಗೆ ಕೆಲಸ. ತೀರ್ಥಹಳ್ಳಿಯಲ್ಲಿ ಹುಟ್ಟಿ ಬೆಳೆದವಳು, ಮನೆಯವರಿಗೆ ಸಾಗರದಲ್ಲಿ ನೌಕರಿ ಸಿಕ್ಕಿದ್ದರಿಂದ ಇಬ್ಬರಿಗೂ ಅನುಕೂಲವಾಗಲೆಂದು ಈ ಊರಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಒಂದು ಬೆಳಿಗ್ಗೆ ಸಕ್ಕರೆ ಪರೀಕ್ಷೆಗೆಂದು ಬಂದ ಹೆಂಗಸಿನ ಬೆರಳಿಗೆ ಎರಡು ಸಲ ಸೂಜಿ ಚುಚ್ಚಿದರೂ ರಕ್ತ ಬರಲಿಲ್ಲ. ನಾನು ಸಂಕೋಚದಿಂದ ಮುಖ ನೋಡಿದೆ.

"ಜೋರಾಗಿ ಚುಚ್ಚಿ ಮೇಡಮ್. ಅದು ಈಗ ಬೆರಳಲ್ಲ, ಚಮಚ," ಅಂದರು.

ಆಮೇಲೆ ಗೊತ್ತಾಯಿತು, ಸರ್ಕಲ್ಲಿನ ಪಕ್ಕದ ಜ್ಯೂಸ್ ಅಂಗಡಿ ಅವರದು ಅಂತ. ಅಂಗಡಿಗೆ ಹೆಸರಿನ ಬೋರ್ಡಿರಲಿಲ್ಲ. ಸಾಗರದ ಬಸ್ಸು, ಹೊಸನಗರದ ಬಸ್ಸು, ತೀರ್ಥಹಳ್ಳಿಯ ಬಸ್ಸು ಎಲ್ಲ ಅದರ ಮುಂದೆಯೇ ನಿಲ್ಲುತ್ತಿದ್ದವು. ಎಲ್ಲರೂ "ಅಕ್ಕನ ಅಂಗಡಿ" ಅನ್ನುತ್ತಿದ್ದರು. ಅಲ್ಲಿ ಬೇರೆ ಜ್ಯೂಸುಗಳೂ ಇದ್ದವು, ಆದರೆ ಜನ ಬಸ್ಸಿಳಿದು ಬರುತ್ತಿದ್ದುದು ಒಂದೇ ಒಂದಕ್ಕೆ. ಬಾಳೆಹಣ್ಣು, ಪಪ್ಪಾಯಿ, ಅನಾನಸ್, ಮಾವಿನ ಕಾಲದಲ್ಲಿ ಮಾವು, ಇವಿಷ್ಟನ್ನೂ ಕಾಯಿಹಾಲಿನಲ್ಲಿ ರುಬ್ಬಿ ಬೆಣ್ಣೆಯ ಹಾಗೆ ನಯ ಮಾಡಿಕೊಡುತ್ತಿದ್ದರು. ಸ್ಟ್ರಾ ಹಾಕಿದರೆ ಮೇಲೆ ಏರುತ್ತಿರಲಿಲ್ಲ, ಜೊತೆಗೊಂದು ಚಮಚ ಕೊಡಬೇಕಿತ್ತು. ಅದರ ಹೆಸರು ಗಟ್ಟಿ ಜ್ಯೂಸ್.

ಅಕ್ಕ ಕೇಳಿದ್ದನ್ನು ಕೇಳಿದ ಹಾಗೇ ಕೊಡುವವರಲ್ಲ. ಮೊದಲ ಪ್ರಶ್ನೆ, "ಊಟ ಆಯ್ತಾ?" ಇಲ್ಲ ಅಂದರೆ ಅನಾನಸ್ ಹಾಕುತ್ತಿರಲಿಲ್ಲ. "ಬರೀ ಹೊಟ್ಟೆಗೆ ಅದು ಉರಿಯತ್ತೆ. ಬಾಳೆಹಣ್ಣಿಂದು ಮಾಡ್ಕೊಡ್ತೀನಿ, ಕುಡೀರಿ." ಬೇಡ ಎಂದು ವಾದ ಮಾಡಿದವರಿಗೆ ಒಂದು ಲೋಟ ನೀರು ಕೊಟ್ಟು, "ಹಾಗಾದ್ರೆ ಉಂಡ್ಕೊಂಡ್ ಬನ್ನಿ," ಅಂತ ಕಳಿಸಿಬಿಡುತ್ತಿದ್ದರು. ಕೆಲವರು ಸಿಟ್ಟಾಗಿ ಹೋಗುತ್ತಿದ್ದರು. ಹೆಚ್ಚಿನವರು ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತಿದ್ದರು.

ಅವರ ಯಜಮಾನರು ಗೂಡ್ಸ್ ಆಟೋ ಓಡಿಸುತ್ತಿದ್ದರು. ನಾನು ಅವರನ್ನು ಭಾವ ಅನ್ನುತ್ತಿದ್ದೆ. ಸಾಗರದ ಮಾರ್ಕೆಟ್ಟಿನಿಂದ ಹಣ್ಣು ತರುವುದು, ಇಳಿಸುವುದು, ಮತ್ತೆ ಹೊರಡುವುದು. ಮಾತು ಬಹಳ ಕಮ್ಮಿ. ಅವರಿಗೆ ಮಕ್ಕಳಿರಲಿಲ್ಲ.

ನಮ್ಮ ಸ್ನೇಹ ಬೆಳೆದದ್ದು ನನ್ನ ಮಗಳ ಜ್ವರದಿಂದ. ಆಗ ಅವಳಿಗೆ ನಾಲ್ಕು ವರ್ಷ. ಹತ್ತು ದಿನದ ಜ್ವರ ಬಿಟ್ಟಿತು, ಆದರೆ ಅದರ ಜೊತೆಗೆ ಊಟವನ್ನೂ ಬಿಟ್ಟುಬಿಟ್ಟಳು. ಗಂಜಿ ಕೊಟ್ಟರೆ ಉಗುಳುತ್ತಿದ್ದಳು, ಹಾಲು ಕಂಡರೆ ಮುಖ ತಿರುಗಿಸುತ್ತಿದ್ದಳು. ಭುಜದ ಮೂಳೆ ಎದ್ದು ಕಾಣುತ್ತಿತ್ತು. ಲ್ಯಾಬಿನಿಂದ ಮನೆಗೆ ಹೋಗುವಾಗ ದಾರಿಯಲ್ಲೇ ಅಳು ಬಂತು, ಅಕ್ಕ ನೋಡಿದರು. ಏನೆಂದು ಕೇಳಿದರು, ಹೇಳಿದೆ. ಆವತ್ತು ಸಂಜೆ ಅಂಗಡಿಯ ಅರ್ಧ ಬಾಗಿಲು ಎಳೆದು, ಒಂದು ಚೀಲ ಹಣ್ಣು ಹಿಡಿದು ನಮ್ಮ ಮನೆಗೆ ಬಂದರು.

ಬಂದವರು ಮಗುವಿಗೆ ಕುಡಿ ಎಂದು ಒಂದು ಮಾತೂ ಹೇಳಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಮಿಕ್ಸಿಯನ್ನು ಕೆಳಗಿಳಿಸಿಕೊಂಡರು. "ನಂಗೆ ಇವತ್ತು ಕೈ ನೋವು ಮಾರಾಯ್ತಿ, ಸ್ವಲ್ಪ ಬಟನ್ ತಿರುಗಿಸಿಕೊಡ್ತೀಯಾ?" ಅಂತ ನನ್ನ ಮಗಳನ್ನು ಕೇಳಿದರು. ಅವಳು ಅನುಮಾನದಿಂದಲೇ ಬಂದು ಪಕ್ಕ ಕೂತಳು. ಒಂದೊಂದೇ ಹಣ್ಣು ಅವಳ ಕೈಯಿಂದಲೇ ಒಳಗೆ ಹಾಕಿಸಿದರು. ಮಿಕ್ಸಿ ಗರ್ ಎಂದಾಗ ಮಗು ಜ್ವರ ಬಂದ ಮೇಲೆ ಮೊದಲ ಸಲ ನಕ್ಕಿತು. ಎರಡು ಚಮಚ, ನಾಲ್ಕು ಚಮಚ, ಅರ್ಧ ಲೋಟ. ನಾನು ಬಾಗಿಲ ಬಳಿ ನಿಂತು ಚಮಚ ಎಣಿಸುತ್ತಿದ್ದೆ.

"ತಾನೇ ಮಾಡಿದ್ದನ್ನ ಬೇಡ ಅನ್ನಕ್ಕೆ ಮಕ್ಕಳಿಗೆ ಮನಸ್ಸು ಬರಲ್ಲ," ಎಂದು ಹೊರಡುವಾಗ ನನ್ನ ಕಿವಿಯಲ್ಲಿ ಹೇಳಿದರು.

ಆಮೇಲೆ ಒಂದು ವಾರ ದಿನಾ ಬಂದು ನನಗೂ ಕಲಿಸಿದರು. ಬಾಳೆಹಣ್ಣು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬರುವವರೆಗೂ ಕಾಯಬೇಕು. ಅದನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ರಾತ್ರಿ ಇಡಬೇಕು, ನಯ ಬರುವುದು ಅದರಿಂದಲೇ, ಐಸು ಹಾಕಿದರೆ ನೀರಾಗುತ್ತದೆ. ಅನಾನಸಿಗೆ ಹಸುವಿನ ಹಾಲು ಸೇರಿಸಿದರೆ ಕಹಿಯಾಗುತ್ತದೆ, ಅದಕ್ಕೇ ಕಾಯಿಹಾಲು, ಅದೂ ಮೊದಲ ಸಲ ಹಿಂಡಿದ ಹಾಲು. ಬಾಳೆ ಮತ್ತು ಕಾಯಿಹಾಲು ಪೂರ್ತಿ ನುಣ್ಣಗಾದ ಮೇಲೆ ಉಳಿದ ಹಣ್ಣು. ಕೊನೆಗೆ ಚಿಟಿಕೆ ಉಪ್ಪು. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, "ದೊಡ್ಡಮ್ಮ, ಇದಕ್ಕೆ ಸ್ಮೂದಿ ಅಂತಾರೆ," ಎಂದಾಗ ಅಕ್ಕ ಬಿದ್ದು ಬಿದ್ದು ನಕ್ಕಿದ್ದರು. "ಇಷ್ಟು ವರ್ಷ ಹೆಸರು ಗೊತ್ತಿಲ್ದೇ ಮಾರಿದ್ನಲ್ಲ!"

ಈ ಭಾಗ ಬರೆಯುವುದು ನನಗೆ ಕಷ್ಟ.

ಹೋದ ವರ್ಷದ ಹಿಂದಿನ ವರ್ಷ, ಬೇಸಿಗೆ ಶುರುವಾಗುವ ಹೊತ್ತಿಗೆ, ಅಕ್ಕ ಲ್ಯಾಬಿಗೆ ಬಂದು ಬೆಂಚಿನ ಮೇಲೆ ಕೂತರು. ಎದೆಯ ಮಧ್ಯಕ್ಕೆ ಬೆರಳಿಟ್ಟು, "ರೊಟ್ಟಿ ಇಲ್ಲಿ ನಿಲ್ಲತ್ತೆ ಮಾರಾಯ್ತಿ. ನೀರು ಕುಡಿದ್ರೆ ಇಳಿಯತ್ತೆ," ಅಂದರು.

"ಹೊತ್ತಿಗೆ ಸರಿಯಾಗಿ ಉಣ್ಣಲ್ಲ ನೀವು. ಗ್ಯಾಸ್ ಇರ್ಬೇಕು ಅಕ್ಕ," ಅಂದೆ. ಮಾತ್ರೆಯ ಹೆಸರನ್ನೂ ನಾನೇ ಚೀಟಿಯಲ್ಲಿ ಬರೆದುಕೊಟ್ಟೆ.

ನಾನು ಡಾಕ್ಟರಲ್ಲ. ಹಾಗಂತ ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅಕ್ಕ ಡಾಕ್ಟರ ಹತ್ತಿರ ಹೋಗದೆ ನನ್ನ ಹತ್ತಿರ ಬಂದಿದ್ದರು, ನಾನು ಹೇಳಿದರೆ ಸಾಕು ಅಂತ ಬಂದಿದ್ದರು. ಬೇಸಿಗೆ ಪೂರ್ತಿ ಅಂಗಡಿಯಲ್ಲಿ ರಶ್ಶು. ಆ ಮಾತ್ರೆ ತಿನ್ನುತ್ತಲೇ ಹಣ್ಣು ಹೆಚ್ಚಿದರು. ಮೂರು ತಿಂಗಳು ಹೋಯಿತು. ರವಿಕೆ ಸಡಿಲವಾಗುತ್ತಾ ಬಂದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಕೇಳಿದರೆ, "ಸೆಕೆಗೆ ಇಳಿದಿದೀನಿ," ಅನ್ನುತ್ತಿದ್ದರು. ಕಡೆಗೊಂದು ದಿನ ಅನ್ನವೂ ನಿಲ್ಲುತ್ತದೆ ಅಂದಾಗ ಬಲವಂತದಿಂದ ಕೂರಿಸಿ ರಕ್ತ ತೆಗೆದೆ. ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಮ್ಮೆ ಹಾಕಿದೆ. ಯಂತ್ರ ಸರಿಯಾಗಿತ್ತು.

ಶಿವಮೊಗ್ಗಕ್ಕೆ ಭಾವನ ಜೊತೆ ನಾನೂ ಹೋದೆ. ಗಂಟಲಿಗೆ ಕ್ಯಾಮೆರಾ ಬಿಟ್ಟು ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ತರಲು ಹೋದ ದಿನ ಲಕೋಟೆಯನ್ನು ನಾನೇ ಒಡೆದು ಓದಿದೆ. ಅನ್ನನಾಳದ ಕ್ಯಾನ್ಸರ್. ಅದೇ ಹೊತ್ತಿಗೆ ಅಕ್ಕ ಕೌಂಟರಿನಲ್ಲಿ ಆರೋಗ್ಯ ಕಾರ್ಡಿಗೆ ಹೆಬ್ಬೆರಳು ಕೊಡುತ್ತಾ ನಿಂತಿದ್ದರು. ಯಂತ್ರ ತೆಗೆದುಕೊಳ್ಳುತ್ತಿರಲಿಲ್ಲ. ಕೂತವರು ಒರೆಸಿಕೊಳ್ಳಿ ಅಂದರು, ಸೆರಗಿನಲ್ಲಿ ಒರೆಸಿಕೊಂಡರು. ಬೇರೆ ಬೆರಳು ಕೊಡಿ ಅಂದರು, ಕೊಟ್ಟರು. ಹತ್ತು ಬೆರಳೂ ಆಯಿತು. ಅಕ್ಕ ನನ್ನ ಕಡೆ ತಿರುಗಿ, "ನೋಡಿ, ಇದರ ಲೆಕ್ಕದಲ್ಲಿ ನಾನು ಇಲ್ವೇ ಇಲ್ಲ," ಅಂತ ನಕ್ಕರು. ಕೈಯಲ್ಲಿ ಆ ಕಾಗದ ಹಿಡಿದುಕೊಂಡು ನನಗೆ ನಗಲಾಗಲಿಲ್ಲ.

ಕಣ್ಣಿನ ಸ್ಕ್ಯಾನ್ ಮಾಡಿ ಆ ಕೆಲಸ ಮುಗಿಯಿತು. ಹೊರಗೆ ಬಂದ ಮೇಲೆ ಕೇಳಿದರು, "ಎಂತ ಬರೆದಿದಾರೆ ಅದರಲ್ಲಿ?"

"ಡಾಕ್ಟ್ರು ಹೇಳ್ತಾರೆ ಅಕ್ಕ."

"ನೀವು ಓದಿದ್ರಲ್ಲ."

ನಾನು ಕಾಗದ ಮಡಚಿ ಚೀಲಕ್ಕೆ ಹಾಕಿದೆ. ಅವರು ಅದನ್ನೇ ನೋಡಿದರು. "ಗ್ಯಾಸ್ ಅಲ್ಲ ಹಾಗಾದ್ರೆ," ಅಂದರು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಆಪರೇಷನ್ ಮಾಡುವ ಹಂತ ದಾಟಿದೆ ಎಂದರು ಡಾಕ್ಟರು. ಕರೆಂಟು ಕೊಡುವುದು, ಅಂದರೆ ರೇಡಿಯೇಷನ್, ಶುರುವಾಯಿತು, ಐದು ವಾರ. ಅಂಗಡಿಯ ಬಾಗಿಲು ಎಳೆದಿದ್ದು ಎಳೆದ ಹಾಗೇ ಉಳಿಯಿತು. ಗಟ್ಟಿ ಪದಾರ್ಥ ಯಾವುದೂ ಇಳಿಯುವುದಿಲ್ಲ, ನಯವಾಗಿ ರುಬ್ಬಿದ್ದು, ಹೊಟ್ಟೆ ತುಂಬುವಂಥದ್ದು, ಏನು ಸಾಧ್ಯವೋ ಅದನ್ನು ಕೊಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಭಾವ ಆ ಚೀಟಿ ತಂದು ನನ್ನ ಕೈಗೆ ಕೊಟ್ಟು, "ನಂಗೆ ಮಿಕ್ಸಿ ಹಾಕಕ್ಕೂ ಬರಲ್ಲಮ್ಮ," ಅಂದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಂದು ದಿನವೂ ಅಕ್ಕ ಅವರಿಗೆ ಆ ಕೆಲಸ ಬಿಟ್ಟಿರಲಿಲ್ಲ.

ಹಾಗಾಗಿ ನಾನು ಮಾಡಿದೆ. ದಿನಾ ಬೆಳಿಗ್ಗೆ ಆರೂವರೆಗೆ ನಮ್ಮ ಅಡುಗೆಮನೆಯಲ್ಲಿ ರುಬ್ಬಿ, ಸ್ಟೀಲ್ ಫ್ಲಾಸ್ಕಿಗೆ ತುಂಬಿ, ಎರಡು ಬೀದಿ ದಾಟಿ ಕೊಟ್ಟು ಬಂದು ಆಮೇಲೆ ಲ್ಯಾಬಿಗೆ ಹೋಗುತ್ತಿದ್ದೆ. ಗಂಟಲಿನ ಹುಣ್ಣಿಗೆ ಉರಿಯುತ್ತದೆಂದು ಅನಾನಸ್ ಬಿಟ್ಟೆ. ಬದಲಿಗೆ ಬೆಣ್ಣೆಹಣ್ಣು ಹಾಕಿದೆ, ನೆನೆಸಿ ಸಿಪ್ಪೆ ತೆಗೆದ ಬಾದಾಮಿ ಹಾಕಿದೆ. ಅಕ್ಕ ಲೋಟವನ್ನು ಓರೆ ಮಾಡಿ, ಗಾಜಿಗೆ ಅದು ಹೇಗೆ ಅಂಟುತ್ತದೆ, ಎಷ್ಟು ಹೊತ್ತಿಗೆ ಕೆಳಗಿಳಿಯುತ್ತದೆ ಎಂದು ನೋಡಿ ಆಮೇಲೆ ಕುಡಿಯುತ್ತಿದ್ದರು. "ಇವತ್ತು ಕಾಯಿಹಾಲು ಎರಡನೇ ಸಲ ಹಿಂಡಿದ್ದು ಹಾಕಿದೀರಿ," ಎಂದು ಕಂಡುಹಿಡಿಯುತ್ತಿದ್ದರು. ಸರಿಯಾಗಿಯೇ ಹೇಳುತ್ತಿದ್ದರು.

ಕರೆಂಟು ಮುಗಿದು ಎರಡು ತಿಂಗಳು ಹಾಯೆನಿಸಿತು. ಒಂದು ಇಡ್ಲಿ ತಿಂದ ದಿನ ಭಾವ ಊರಿಗೆಲ್ಲ ಹೇಳಿಕೊಂಡು ಬಂದರು. ಆಮೇಲೆ ಮತ್ತೆ ಇಡ್ಲಿ ನಿಂತಿತು. ನಾನು ಕಲಿತಿದ್ದು ಗಟ್ಟಿ ಮಾಡುವುದನ್ನು. ಈಗ ವಾರ ವಾರಕ್ಕೂ ತೆಳ್ಳಗೆ ಮಾಡಬೇಕಾಗಿ ಬಂತು. ಮೊದಲು ಚಮಚದಲ್ಲಿ ತಿನ್ನುವ ಹಾಗಿತ್ತು, ಆಮೇಲೆ ಮಜ್ಜಿಗೆಯ ಹಾಗೆ, ಆಮೇಲೆ ಜರಡಿಯಲ್ಲಿ ಸೋಸಿದ್ದು. ಕೊನೆಕೊನೆಗೆ ಗಂಜಿತಿಳಿಯಷ್ಟು ನೀರು. ಒಂದು ಲೋಟ ಕುಡಿಯಲು ಒಂದು ಗಂಟೆ. ನಾನು ಸುರಿಯುವ ಪ್ರತಿ ಚಮಚ ನೀರಿಗೂ ಅದರಲ್ಲಿರುವ ಶಕ್ತಿ ಕಮ್ಮಿಯಾಗುತ್ತದೆ ಎಂದು ನನಗೆ ಗೊತ್ತಿತ್ತು. ನೀರು ಹಾಕದಿದ್ದರೆ ಅದು ಇಳಿಯುತ್ತಲೇ ಇರಲಿಲ್ಲ.

ಭಾವ ಮಾತ್ರ ಹಣ್ಣು ತರುವುದನ್ನು ನಿಲ್ಲಿಸಲಿಲ್ಲ. ಅಂಗಡಿ ನಡೆಯುತ್ತಿದ್ದಾಗ ತಂದ ಹಾಗೆಯೇ ಸಾಗರದಿಂದ ತರುತ್ತಿದ್ದರು. ಬಾಳೆಗೊನೆ ಹಗ್ಗದಲ್ಲಿ ತೂಗುತ್ತಾ ಹಣ್ಣಾಗಿ ಉದುರುತ್ತಿತ್ತು, ಮೂಲೆಯಲ್ಲಿ ಪಪ್ಪಾಯಿ, ಮಂಚದ ಕೆಳಗೂ ಅನಾನಸ್. ಬಾಗಿಲು ತೆಗೆದರೆ ಆ ವಾಸನೆಗೆ ತಲೆ ಸುತ್ತುತ್ತಿತ್ತು. "ಭಾವ, ಯಾರು ತಿನ್ನೋರು ಇಷ್ಟನ್ನ?" ಎಂದು ಒಮ್ಮೆ ಕೇಳಿದೆ. ಅವರು ತಪ್ಪು ಮಾಡಿದವರ ಹಾಗೆ ನಿಂತರು. ಅಕ್ಕ ಒಳಗಿನಿಂದ, "ತರ್ಲಿ ಬಿಡಿ. ಅವರಿಗೆ ಬೇರೆ ಎಂತ ಮಾಡ್ಬೇಕು ಅಂತ ಗೊತ್ತಿಲ್ಲ," ಅಂದರು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ. ಎರಡು ದಿನಕ್ಕೊಮ್ಮೆ ಬುಟ್ಟಿ ತುಂಬಿ ಅಕ್ಕಪಕ್ಕದ ಮನೆಗಳಿಗೆ ಹಂಚಿಬರುತ್ತಿದ್ದೆ.

ಆ ವರ್ಷದ ಹಿಂಗಾರಿನ ಗಾಳಿಮಳೆಗೆ ಕಂಬಗಳು ಮುರಿದುಬಿದ್ದು ಮೂರು ದಿನ ಕರೆಂಟಿರಲಿಲ್ಲ. ಒಂದು ಕಡೆ ಲಿಂಗನಮಕ್ಕಿ, ಇನ್ನೊಂದು ಕಡೆ ಮಾಸ್ತಿಕಟ್ಟೆ, ಎರಡೂ ನಾಡಿಗೆಲ್ಲ ಕರೆಂಟು ಕೊಡುವ ಅಣೆಕಟ್ಟಿನ ಊರುಗಳು, ನಡುವೆ ನಾವು ಒಂದು ಮಿಕ್ಸಿ ತಿರುಗಿಸಲು ಜನರೇಟರ್ ಇರುವ ಅಂಗಡಿ ಹುಡುಕಿಕೊಂಡು ಗೂಡ್ಸ್ ಆಟೋದಲ್ಲಿ ಓಡಾಡಿದೆವು. ಮೊದಲ ದಿನ ಒಂದು ಬೇಕರಿಯಲ್ಲಿ ರುಬ್ಬಿಕೊಟ್ಟರು. ಎರಡನೇ ದಿನವೂ ಆಯಿತು. ಮೂರನೇ ದಿನ ಅವರ ಡೀಸೆಲ್ಲೂ ಮುಗಿದಿತ್ತು. ಬಾಳೆಹಣ್ಣನ್ನು ಕೈಯಲ್ಲೇ ಕಿವುಚಿ, ಕಡಗೋಲಿನಲ್ಲಿ ಕಡೆದು, ಬಿಳಿ ಪಂಚೆಯ ತುಂಡಿನಲ್ಲಿ ಹಿಂಡಿದೆ. ನಯವಾಗಿದೆ ಎಂದುಕೊಂಡೆ.

ಎರಡನೇ ಗುಟುಕಿಗೆ ಅಕ್ಕನಿಗೆ ಉಸಿರು ಕಟ್ಟಿಕೊಂಡಿತು. ಹಣ್ಣಿನ ಎಳೆಯೊಂದು ಎಲ್ಲೋ ಸಿಕ್ಕಿರಬೇಕು. ಕೆಮ್ಮು ಬಂತು, ಆಮೇಲೆ ಕೆಮ್ಮೂ ಬರಲಿಲ್ಲ. ಕಣ್ಣು ಹೊರಗೆ ಬಂದವು. ನಾನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಹೊಡೆದೆ, ಇನ್ನೊಮ್ಮೆ ಹೊಡೆದೆ. ನನ್ನ ಕೈಯ ಕೆಳಗೆ ಬರೀ ಮೂಳೆ. ಭಾವ ಬಾಗಿಲಲ್ಲಿ ನಿಂತು ಎರಡೂ ಕೈಯನ್ನು ಮುಂದೆ ಚಾಚಿ, ಏನನ್ನು ಹಿಡಿಯಬೇಕೆಂದು ತಿಳಿಯದೆ ಹಾಗೇ ನಿಂತಿದ್ದರು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಕೊನೆಗೆ ಎಲ್ಲ ವಾಂತಿಯಾಗಿ ಹೊರಬಂತು, ಉಸಿರು ತಿರುಗಿತು.

ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವತ್ತಿನ ಚೀಟಿ, ಮಾತ್ರೆ, ಮೂರು ತಿಂಗಳು, ಎಲ್ಲವನ್ನೂ ಹೇಳಿದೆ. "ನಾನು ಆವತ್ತೇ ಕಳಿಸಿದ್ರೆ ನೀವು..." ಎಂದು ಮುಂದೆ ಹೇಳಲಾಗಲಿಲ್ಲ. ಅಕ್ಕ ಬಾಯಿ ಒರೆಸಿಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟರು. ದನಿ ಅಷ್ಟರಲ್ಲಾಗಲೇ ಪಿಸುಮಾತಿಗೆ ಇಳಿದಿತ್ತು.

"ನೀವು ಹೇಳಿದ್ರೂ ನಾನು ಮಾವಿನ ಸೀಸನ್ ಬಿಟ್ಟು ಹೋಗ್ತಿದ್ನಾ? ಹೋಗ್ತಿರ್ಲಿಲ್ಲ. ಏಳಿ." ಆಮೇಲೆ ಹಿಂಡಿಟ್ಟ ಪಂಚೆಯ ತುಂಡಿನ ಕಡೆ ನೋಡಿ, "ಬಟ್ಟೆ ಎರಡು ಮಡಿಕೆ ಮಾಡ್ಬೇಕಿತ್ತು," ಅಂದರು.

ಅದು ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ ನಿಜವೋ ಇವತ್ತಿಗೂ ಗೊತ್ತಿಲ್ಲ. ಬಟ್ಟೆಯ ಮಾತು ಮಾತ್ರ ನಿಜ.

ತಿಂಗಳಾಗುವುದರೊಳಗೆ ನೀರೂ ಇಳಿಯದಾಯಿತು. ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿಕೊಂಡು ಮೂಗಿನಿಂದ ನಳಿಕೆ ಹಾಕಿದರು. ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತಾಗಿದೆ, ಇನ್ನು ಬಾಯಿಂದ ಒಂದು ತೊಟ್ಟೂ ಕೊಡಬೇಡಿ, ನೇರ ಪುಪ್ಪುಸಕ್ಕೆ ಹೋಗುತ್ತದೆ ಎಂದು ಡಾಕ್ಟರು ಭಾವನಿಗೆ ಹೇಳಿದ್ದರಂತೆ. ಅವರು ಫೋನಿನಲ್ಲಿ ನನಗೆ ಅದನ್ನು ಹೇಳಲಿಲ್ಲ. "ಹಾಗೇ ಇದಾಳೆ" ಅಂದರು ಅಷ್ಟೆ.

ಆ ಭಾನುವಾರ ನಾನು ಹೊರಟಾಗ ಮಗಳು ಫ್ಲಾಸ್ಕ್ ತಂದು ಕೈಗೆ ಕೊಟ್ಟಳು. ಹತ್ತು ವರ್ಷದ ಹುಡುಗಿ, ಬೆಳಿಗ್ಗೆ ನನಗಿಂತ ಮುಂಚೆ ಎದ್ದು ತಾನೊಬ್ಬಳೇ ಎಲ್ಲ ಮಾಡಿದ್ದಳು. ಎರಡು ಸಲ ಸೋಸಿದ್ದೇನೆ, ದೊಡ್ಡಮ್ಮನಿಗೆ ಸಿಕ್ಕಿಕೊಳ್ಳುವುದಿಲ್ಲ ಅಂದಳು.

ವಾರ್ಡಿನಲ್ಲಿ ಫ್ಲಾಸ್ಕ್ ನೋಡಿದ ಕೂಡಲೇ ನರ್ಸ್, "ಬಾಯಿಂದ ಏನೂ ಕೊಡೋ ಹಾಗಿಲ್ಲ," ಎಂದು ವಿಷಯ ಹೇಳಿದರು. ಭಾವ ನೆಲ ನೋಡಿದರು. ನಾನು ಫ್ಲಾಸ್ಕನ್ನು ಚೀಲದೊಳಗೆ ತಳ್ಳಿದೆ. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಾರೆ ಅಂದುಕೊಂಡಿದ್ದೆ.

"ತೆಗೀರಿ," ಅಂದರು.

"ಬೇಡ ಅಕ್ಕ. ಡಾಕ್ಟ್ರು..."

"ಗೊತ್ತು. ಮುಚ್ಚಳ ತೆಗೀರಿ."

ತೆಗೆದು ಮುಖದ ಹತ್ತಿರ ಹಿಡಿದೆ. ನಳಿಕೆ ಇಲ್ಲದ ಹೊಳ್ಳೆಯಿಂದ ನಿಧಾನಕ್ಕೆ ಉಸಿರೆಳೆದುಕೊಂಡರು. ಯಾರು ಮಾಡಿದ್ದು ಎಂದು ಕೇಳಿದರು, ಹೇಳಿದೆ. ಇನ್ನೊಮ್ಮೆ ಉಸಿರೆಳೆದುಕೊಂಡರು.

"ಪಪ್ಪಾಯಿ ಜಾಸ್ತಿ ಆಗಿದೆ," ಅಂದರು. ಆಮೇಲೆ ನನ್ನ ಕಡೆ ನೋಡಿ, "ನೀವು ಕುಡೀರಿ. ನಾನು ನೋಡ್ತೀನಿ."

ನನ್ನಿಂದ ಆಗುವುದಿಲ್ಲ ಅಂದೆ. ಅವರು ನನ್ನ ಮೇಲಿಂದ ಕಣ್ಣು ಕೀಳದೆ ನೋಡುತ್ತಿದ್ದರು. ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿಕೊಂಡೆ. ಮೊದಲ ಗುಟುಕು ಗಂಟಲಲ್ಲೇ ನಿಂತಿತು, ಇಳಿಯುತ್ತಲೇ ಇಲ್ಲ. "ನಿಧಾನ," ಅಂದರು ಅಕ್ಕ. ನುಂಗಿದೆ. ನಾನು ನುಂಗುವಾಗಲೆಲ್ಲ ಅವರ ಗಂಟಲು ಒಂದಿಷ್ಟು ಅಲ್ಲಾಡುತ್ತಿತ್ತು. ಅವರ ಎದುರಿಗೆ ಕೂತು, ಅವರು ನೋಡುತ್ತಿದ್ದ ಹಾಗೆಯೇ, ಫ್ಲಾಸ್ಕಿನಲ್ಲಿದ್ದದ್ದನ್ನೆಲ್ಲ ಕುಡಿದು ಮುಗಿಸಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಯಾವ ಕೆಲಸವೂ ಅಷ್ಟು ಕಷ್ಟವಾಗಿರಲಿಲ್ಲ, ಅಷ್ಟು ನಿಷ್ಪ್ರಯೋಜಕವೂ ಆಗಿರಲಿಲ್ಲ.

"ಚೆನ್ನಾಗಿದ್ಯಾ?" ಎಂದು ಕೇಳಿದರು.

"ಚೆನ್ನಾಗಿದೆ ಅಕ್ಕ."

"ಹಾಗೇ ಹೇಳಿ ಮಗಳಿಗೆ. ಪಪ್ಪಾಯಿ ಮಾತು ಹೇಳ್ಬೇಡಿ."

ಬುಧವಾರ ಬೆಳಿಗ್ಗೆ ಅಕ್ಕ ಹೋದರು. ಮಗಳು ಅವತ್ತು ಅಳುತ್ತಾ ಕೇಳಿದ್ದು ಒಂದೇ, ದೊಡ್ಡಮ್ಮ ಪೂರ್ತಿ ಕುಡಿದರಾ ಅಂತ. ಕುಡಿದರು, ಚೆನ್ನಾಗಿದೆ ಅಂದರು ಎಂದು ಹೇಳಿದೆ.